ದೋಸೆ ಕಾವಲಿಯಲ್ಲಿ ಚಪಾತಿ ಮಾಡಬಾರದು

ಅಮ್ಮನ ದೋಸೆ ಕಾವಲಿ ಮೂರು ಕಿಲೋ ನಾನೂರು ಗ್ರಾಂ ತೂಗುತ್ತದೆ. ನಮ್ಮ ಬೀದಿ ಕೊನೆಯ ಹಳೇ ಪೇಪರ್ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದ್ದೇನೆ. "ಕೊಡ್ತೀರಾ ಸಾರ್?" ಅಂತ ಕೇಳಿದ ಅಂಗಡಿಯವನು. ಇಲ್ಲಪ್ಪ, ತೂಕ ಗೊತ್ತಾಗಬೇಕಿತ್ತು ಅಷ್ಟೇ ಅಂದೆ. ಆ ತೂಕದ ದೆಸೆಯಿಂದಲೇ ಅದು ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆ ಬಿಟ್ಟು ಬೆಂಗಳೂರಿನ ನನ್ನ ಬಾಡಿಗೆ ಮನೆಗೆ ಬಂದಿದ್ದು.

ಅಮ್ಮನಿಗೆ ಆಗ ಅರವತ್ತೊಂಬತ್ತು. ಮಣಿಕಟ್ಟಿನ ನೋವು ಶುರುವಾಗಿ ಎರಡು ಮಳೆಗಾಲ ಕಳೆದಿತ್ತು. ರಜೆಗೆ ಊರಿಗೆ ಹೋಗಿದ್ದಾಗ ಒಂದು ಬೆಳಗ್ಗೆ ನೋಡಿದೆ, ಒಲೆ ಮೇಲಿನ ಮೊಳೆಯಿಂದ ಕಾವಲಿ ಇಳಿಸೋಕೆ ಎರಡೂ ಕೈ ಹಾಕಿದಳು. ಅರ್ಧಕ್ಕೆ ತಂದು ಕಟ್ಟೆಯ ಅಂಚಿಗೆ ಒರಗಿಸಿಕೊಂಡು ನಿಂತಳು. ಉಸಿರು ಎಳೆದುಕೊಂಡು ಮತ್ತೆ ಎತ್ತಿದಳು. ನಾನು ಹೋಗಿ ಹಿಡಿದುಕೊಂಡೆ. ದೋಸೆ ಎಲ್ಲ ಮುಗಿದ ಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೇಳಿದಳು: "ನನ್ನ ಕೈಲಿ ಇನ್ನು ಇದನ್ನ ಎತ್ತಕ್ಕೆ ಆಗಲ್ಲ ಮಾರಾಯ. ನೀನೇ ತಗೊಂಡು ಹೋಗು. ಸುಮ್ನೆ ಇಲ್ಲಿದ್ರೆ ತುಕ್ಕು ಹಿಡಿಯುತ್ತೆ."

ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. ಹೇಗೆ ತೊಳೆಯಬೇಕು, ಯಾವ ಎಣ್ಣೆ ಹಚ್ಚಬೇಕು, ಏನೂ ಹೇಳಲಿಲ್ಲ. ಹೇಳಿದ್ದು ಒಂದೇ ಮಾತು. "ಇದ್ರಲ್ಲಿ ಚಪಾತಿ ಮಾಡ್ಬೇಡ."

ಎರಡನೇ ತಿಂಗಳಲ್ಲಿ ನಾನು ಅದರಲ್ಲಿ ಚಪಾತಿ ಮಾಡಿದೆ.

ಹೆಂಡತಿ ತವರಿಗೆ ಹೋಗಿದ್ದಳು. ರಾತ್ರಿ ಲೇಟಾಗಿತ್ತು. ಕಾವಲಿ ಒಲೆ ಮೇಲೇ ಇತ್ತು, ಅಷ್ಟೇ ಕಾರಣ. ಆರು ಚಪಾತಿ, ದೊಡ್ಡ ಉರಿ. ಉದುರಿದ ಹಿಟ್ಟು ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಸೀದು ಹೊಗೆ ಬಂತು. ಬಟ್ಟೆಯಲ್ಲಿ ಒರೆಸಿ ಹಾಗೇ ಇಟ್ಟು ಮಲಗಿದೆ. ಬೆಳಗ್ಗೆ ನೀರುದೋಸೆ ಹೊಯ್ದೆ. ಏಳಲಿಲ್ಲ. ಸಟ್ಟುಗದಲ್ಲಿ ಅಂಚು ಕೆದಕಿದರೆ ಅಂಚು ಮಾತ್ರ ಬಂತು, ನಡುವಿನದ್ದು ಅಲ್ಲೇ ಕೂತಿತು. ಕೆರೆದು ತೆಗೆದರೆ ಬಂದಿದ್ದು ಒದ್ದೆ ಮುದ್ದೆ. ಕಾವಲಿಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಅಂಚಿನ ಸುತ್ತ ಮೊದಲಿನ ಹಾಗೆ ಕಪ್ಪು, ಸುಮಾರು ಹೊಳಪು. ನಡುವೆ ಚಪಾತಿ ಕೂತಷ್ಟು ಅಗಲಕ್ಕೆ ಬೂದು ಬಣ್ಣ, ಹೊಳಪೇ ಇಲ್ಲ. ಬೆರಳಿನಲ್ಲಿ ಸವರಿದರೆ ಅಂಚಿನಲ್ಲಿ ನುಣುಪು, ನಡುವೆ ತರಿತರಿ.

ಅಮ್ಮನಿಗೆ ಫೋನ್ ಮಾಡಿ "ದೋಸೆ ಏಳ್ತಿಲ್ಲ" ಅಂದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಚಪಾತಿ ಮಾಡಿದ್ಯಾ?"

ಕನ್ನಡದ ಯಾವ ಅಡುಗೆಮನೆಗೆ ಹೋದರೂ ಈ ನಿಯಮ ಸಿಗುತ್ತದೆ ಅಲ್ವಾ? ದೋಸೆಗೆ ಬೇರೆ, ಚಪಾತಿಗೆ ಬೇರೆ. ನಮ್ಮ ಕಡೆ ಅಕ್ಕಿರೊಟ್ಟಿಗೆ ಇನ್ನೊಂದು. ಎಷ್ಟೋ ಮನೆಗಳಲ್ಲಿ ಸೊಸೆ ಬಂದ ಮೊದಲ ವಾರ ಇದೇ ವಿಷಯಕ್ಕೆ ಮುಖ ಊದಿಸಿಕೊಂಡಿದ್ದನ್ನು ನೋಡಿದ್ದೇನೆ. ಮಡಿ ಮೈಲಿಗೆ ಥರದ್ದೇ ಒಂದು ಕಟ್ಟುಪಾಡು ಇರಬೇಕು ಅಂತ ನಾನು ತುಂಬ ವರ್ಷ ಅಂದುಕೊಂಡಿದ್ದೆ. ಅಲ್ಲ. ಇದರ ಹಿಂದೆ ಇರುವುದು ಎಣ್ಣೆ ಮತ್ತು ಬಿಸಿಯ ಲೆಕ್ಕ.

ಕಾವಲಿಯ ಮೇಲಿನ ಆ ಕಪ್ಪು ಕಬ್ಬಿಣದ್ದಲ್ಲ, ಎಣ್ಣೆಯದ್ದು. ಬಡಗಿಗಳು ಮರಕ್ಕೆ ಅಗಸೆ ಎಣ್ಣೆ ಹಚ್ಚುವುದನ್ನು ನೋಡಿದ್ದೀರಲ್ಲ. ಹಚ್ಚಿದಾಗ ಅದು ಎಣ್ಣೆ, ಕೆಲವು ದಿನ ಗಾಳಿಗೆ ಬಿಟ್ಟರೆ ಗಟ್ಟಿ ಪೊರೆ. ಮತ್ತೆ ಎಣ್ಣೆಯಾಗಿ ಕರಗುವುದಿಲ್ಲ. ಎಣ್ಣೆಯ ಸಣ್ಣ ಸಣ್ಣ ಅಣುಗಳು ಗಾಳಿಯ ಆಮ್ಲಜನಕ ಸೇರಿಸಿಕೊಂಡು ಒಂದಕ್ಕೊಂದು ಕೈ ಹಿಡಿದು ಬಲೆಯ ಹಾಗೆ ಆಗುತ್ತವೆ. ಕಾವಲಿಯ ಮೇಲೂ ಆಗುವುದು ಇದೇ, ಬಿಸಿ ಇರುವುದರಿಂದ ಬೇಗ ಆಗುತ್ತದೆ. ಸೂರ್ಯಕಾಂತಿ, ಕುಸುಬೆ, ಎಳ್ಳು, ಕಡಲೆಕಾಯಿ ಎಣ್ಣೆಗಳು ಹೀಗೆ ಪೊರೆ ಕಟ್ಟುತ್ತವೆ. ಕೊಬ್ಬರಿ ಎಣ್ಣೆ ಅಷ್ಟಾಗಿ ಕಟ್ಟುವುದಿಲ್ಲ, ಅದರ ಕೊಬ್ಬಿನಲ್ಲಿ ಹೆಚ್ಚುಪಾಲು ಹೀಗೆ ಕೈ ಹಿಡಿಯುವ ಜಾತಿಯದ್ದಲ್ಲ. ದಿನಾ ದೋಸೆಗೆ ಸವರುವ ಅರ್ಧ ಚಮಚ ಎಣ್ಣೆಯಲ್ಲಿ ಒಂದಿಷ್ಟು ದೋಸೆಗೆ ಹೋಗುತ್ತದೆ, ಒಂದಿಷ್ಟು ಹೀಗೆ ಕಾವಲಿಗೆ ಉಳಿಯುತ್ತದೆ. ವರ್ಷಗಟ್ಟಲೆ ಹೀಗೇ. ಇದಕ್ಕೆ ನಮ್ಮಲ್ಲಿ ಪಳಗುವುದು ಅಂತಾರೆ. ಎತ್ತು ಪಳಗುತ್ತದೆ, ಕೈ ಪಳಗುತ್ತದೆ, ಕಾವಲಿಯೂ ಪಳಗುತ್ತದೆ. ಮೂರಕ್ಕೂ ಒಂದೇ ಪದ ಇರುವುದು ನನಗೆ ತುಂಬ ಇಷ್ಟ.

ಈಗ ಚಪಾತಿಗೆ ಬನ್ನಿ. ದೋಸೆ ಹಿಟ್ಟಿನಲ್ಲಿ ನೀರು ಜಾಸ್ತಿ. ಪ್ರತಿ ದೋಸೆಗೂ ಕಾವಲಿಯ ಬಿಸಿ ಒಂದಿಷ್ಟು ಆ ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ, ಮಧ್ಯೆ ಮಧ್ಯೆ ಎಣ್ಣೆಯೂ ಬೀಳುತ್ತದೆ. ಚಪಾತಿಯಲ್ಲಿ ನೀರು ಕಮ್ಮಿ, ಎಣ್ಣೆ ಇಲ್ಲ, ಉರಿ ದೊಡ್ಡದು, ಎರಡು ಚಪಾತಿ ನಡುವೆ ಲಟ್ಟಿಸುವ ತನಕ ಖಾಲಿ ಕಾವಲಿ ಸುಮ್ನೆ ಕಾಯುತ್ತಿರುತ್ತದೆ. ಖಾಲಿ ಕಬ್ಬಿಣ ಗ್ಯಾಸಿನ ದೊಡ್ಡ ಉರಿಯಲ್ಲಿ 300 ಡಿಗ್ರಿ ದಾಟುವುದು ಕಷ್ಟವಲ್ಲ. ಅಷ್ಟು ಬಿಸಿ ನಿಂತರೆ ಎಣ್ಣೆಯ ಪೊರೆ ಸುಟ್ಟು ಬೂದಿಯಾಗುತ್ತದೆ. ಅಮ್ಮನಿಗೆ 300 ಡಿಗ್ರಿ ಗೊತ್ತಿಲ್ಲ. ಚಪಾತಿ ಮಾಡಬಾರದು ಅನ್ನುವುದು ಗೊತ್ತಿತ್ತು.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅಗಸೆ ಎಣ್ಣೆ ತಂದು, ತೆಳ್ಳಗೆ ಹಚ್ಚಿ, ಓವನ್ನಿನಲ್ಲಿ ಒಂದೊಂದು ಗಂಟೆ ಇಟ್ಟು, ತಣ್ಣಗಾಗಲು ಬಿಟ್ಟು, ಹೀಗೆ ಆರು ಸಲ. ಎರಡು ಭಾನುವಾರ ಅದಕ್ಕೇ ಹೋಯಿತು. ಕೊನೆಗೆ ಕಾವಲಿ ಕನ್ನಡಿ ಹಾಗೆ ಹೊಳೆಯಿತು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಮೂರು ವಾರಕ್ಕೆ ಆ ಹೊಳಪು ಸಿಪ್ಪೆ ಸಿಪ್ಪೆಯಾಗಿ ಎದ್ದು ದೋಸೆಗೆ ಅಂಟಿಕೊಂಡು ಬರತೊಡಗಿತು. ಅಗಸೆ ಎಣ್ಣೆಯ ಪೊರೆ ಬೇಗ ಗಟ್ಟಿಯಾಗುತ್ತದೆ, ಆದರೆ ಪೆಡಸು. ಕಾವಲಿ ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಪೆಡಸು ಪೊರೆ ಅದರ ಜೊತೆ ಬಗ್ಗದೆ ಬಿರಿಯುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲಾರೆ. ನನಗೆ ಆಯಿತು, ನನ್ನ ಗೆಳೆಯರಿಬ್ಬರಿಗೂ ಆಯಿತು.

ಅಮ್ಮ ಫೋನಿನಲ್ಲಿ ಹೇಳಿದ ದಾರಿ ತುಂಬ ಸಪ್ಪೆ ಇತ್ತು. "ಕೆರೆದು ತೊಳಿ. ದಿನಾ ನಾಲ್ಕು ದೋಸೆ ಹೊಯ್ಯಿ. ಬರದಿದ್ರೆ ಕೆರೆದು ಹಾಕು. ಮತ್ತೆ ಹೊಯ್ಯಿ." ಅಷ್ಟೇನಾ ಅಂದೆ. "ಮತ್ತಿನ್ನೇನು? ಕಾವಲಿಗೆ ದೋಸೆ ಹೊಯ್ದ್ರೇ ತಾನೇ ಗೊತ್ತಾಗೋದು?"

ಹಾಗೇ ಮಾಡಿದೆ. ಹೊಸ ಕಾವಲಿ ತಂದರೂ ನಮ್ಮ ಕಡೆ ಮಾಡುವುದು ಹೆಚ್ಚುಕಮ್ಮಿ ಇದನ್ನೇ. ಮೊದಲು ಸೋಪಿನಲ್ಲಿ ಚೆನ್ನಾಗಿ ತಿಕ್ಕಿ, ತುಕ್ಕು ಹಿಡಿಯದಿರಲಿ ಅಂತ ಅಂಗಡಿಯವರು ಬಳಿದ ಎಣ್ಣೆ ಜಿಡ್ಡು ತೆಗೆಯುತ್ತಾರೆ. ಆಮೇಲೆ ಗಂಜಿತಿಳಿಯನ್ನೋ ಅಕ್ಕಿ ತೊಳೆದ ನೀರನ್ನೋ ಹಾಕಿ ಒಂದೆರಡು ದಿನ ಬಿಡುತ್ತಾರೆ, ನೀರು ಬದಲಾಯಿಸುತ್ತಾ. ತೊಳೆದು, ಒಲೆ ಮೇಲಿಟ್ಟು ಹನಿ ನೀರೂ ಉಳಿಯದ ಹಾಗೆ ಒಣಗಿಸಿ, ಎಣ್ಣೆ ಹಚ್ಚಿ, ಹಚ್ಚಿದ್ದನ್ನೆಲ್ಲ ಒರೆಸಿ ತೆಗೆದು, ಹೊಗೆ ಕಾಣುವ ತನಕ ಕಾಯಿಸುತ್ತಾರೆ. ಇಲ್ಲಿ "ಒರೆಸಿ ತೆಗೆದು" ಅನ್ನುವುದನ್ನು ಎರಡು ಸಲ ಓದಿಕೊಳ್ಳಿ. ಎಣ್ಣೆ ಹಚ್ಚೇ ಇಲ್ಲವೇನೋ ಅನ್ನಿಸುವಷ್ಟು ಒರೆಸಬೇಕು. ದಪ್ಪ ಉಳಿದರೆ ಅದು ಪೊರೆ ಆಗುವುದಿಲ್ಲ, ಜಿಗುಟಾಗುತ್ತದೆ. ಕೈಗೆ ಅಂಟುತ್ತದೆ, ಧೂಳು ಹಿಡಿಯುತ್ತದೆ, ಹದಿನೈದು ದಿನಕ್ಕೆ ಕಮಟು ವಾಸನೆ.

ನಮ್ಮ ಮನೆಯಲ್ಲಿ ಮೊದಲ ದೋಸೆ ಯಾವತ್ತೂ ದನಕ್ಕೆ. ಹರಿದರೂ ಸರಿ, ನೆಟ್ಟಗೆ ಬಂದರೂ ಸರಿ, ಬಾಳೆಲೆ ತುಂಡಿನ ಮೇಲೆ ಹಾಕಿ ಕೊಟ್ಟಿಗೆಗೆ ಕೊಟ್ಟು ಬರುವುದು ಮಕ್ಕಳ ಕೆಲಸ. ಬೆಂಗಳೂರಿನಲ್ಲಿ ಕೊಟ್ಟಿಗೆ ಇಲ್ಲ. ನಾನು ಎಣಿಸತೊಡಗಿದೆ. ಎಷ್ಟನೇ ದೋಸೆಗೆ ಕಾವಲಿ ಬಿಟ್ಟುಕೊಟ್ಟಿತು ಅಂತ. ಮೊದಲ ದಿನ ಒಂದೂ ಇಲ್ಲ. ನಾಲ್ಕನೇ ದಿನ ಏಳನೆಯದು ಅರ್ಧ ಬಂತು. ಎರಡು ವಾರಕ್ಕೆ ಐದನೆಯದು. ಈರುಳ್ಳಿಯನ್ನು ಅರ್ಧಕ್ಕೆ ಕೊಯ್ದು, ಬೆನ್ನಿಗೆ ಫೋರ್ಕ್ ಚುಚ್ಚಿ, ಎಣ್ಣೆಗೆ ಅದ್ದಿ ಪ್ರತಿ ದೋಸೆಗೂ ಉಜ್ಜುತ್ತಿದ್ದೆ. ಊರಿನಲ್ಲಿ ಬಾಳೆಲೆಯ ದಂಟಿನ ತುದಿ ಜಜ್ಜಿ ಕುಂಚ ಮಾಡಿಕೊಳ್ಳುತ್ತಾರೆ, ಈರುಳ್ಳಿ ಬಳಸದ ಮನೆಗಳಲ್ಲಿ ಬದನೆಕಾಯಿಯ ತೊಟ್ಟು. ಯಾವುದಾದರೂ ಕೆಲಸ ಒಂದೇ, ಎಣ್ಣೆಯನ್ನು ತೆಳ್ಳಗೆ ಎಳೆಯುವುದು, ಹಿಂದಿನ ದೋಸೆಯ ಉಳಿಕೆ ಒರೆಸಿ ತೆಗೆಯುವುದು. ಚಮಚದಲ್ಲಿ ಸುರಿದರೆ ಎಣ್ಣೆ ಒಂದು ಕಡೆ ಕೆರೆಯ ಹಾಗೆ ನಿಲ್ಲುತ್ತದೆ, ದೋಸೆ ಹಿಟ್ಟು ಅದರ ಮೇಲೆ ಜಾರಿಕೊಂಡು ಓಡುತ್ತದೆ. ಸುಮಾರು ನಲವತ್ತು ದಿನ ಆದ ಮೇಲೆ ಒಂದು ಬೆಳಗ್ಗೆ ಎರಡನೇ ದೋಸೆ ತಾನಾಗೇ ಅಂಚು ಬಿಟ್ಟು ಎದ್ದು ನಿಂತಿತು. ಸಟ್ಟುಗ ತಾಗಿಸಲೇ ಇಲ್ಲ. ಒಲೆ ಮುಂದೆ ಒಬ್ಬನೇ ನಿಂತು ನೋಡಿದೆ. ಖುಷಿಗೆ ಏನು ಮಾಡಬೇಕು ಗೊತ್ತಾಗಲಿಲ್ಲ.

ತವರಿನಿಂದ ಬಂದ ದಿನವೇ ನನ್ನ ಹೆಂಡತಿ ಕಾವಲಿ ನೋಡಿ ಕೇಳಿದ್ದಳು, "ಹಂಚು ಅಲ್ಲೇ ಇತ್ತಲ್ರೀ, ಇದನ್ಯಾಕ ತಗೊಂಡ್ರಿ?" ಅವಳ ಊರು ಧಾರವಾಡದ ಹತ್ತಿರ. ಜೋಳದ ರೊಟ್ಟಿಯ ಹಂಚನ್ನು ಅವಳು ತವರಿನಿಂದ ತಂದಿದ್ದು. ಆ ಹಂಚಿಗೆ ಯಾವತ್ತೂ ಎಣ್ಣೆ ಸೋಕುವುದಿಲ್ಲ. ಒಣಗಿದ ಬೂದು ಬಣ್ಣ ಅದರದ್ದು. ರೊಟ್ಟಿ ಹಾಕಿ, ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರಿ, ತಿರುವಿ, ಆಮೇಲೆ ಬೆಂಕಿಗೆ. ನಾನೊಮ್ಮೆ ಪ್ರೀತಿಯಿಂದ ಆ ಹಂಚಿಗೂ ಎಣ್ಣೆ ಹಚ್ಚಿ ಇಟ್ಟಿದ್ದೆ. ಮರುದಿನ ರೊಟ್ಟಿ ಸುಡುವಾಗ ಮನೆಯೆಲ್ಲ ಹೊಗೆ, ಮೊದಲ ನಾಲ್ಕು ರೊಟ್ಟಿಗೆ ಸುಟ್ಟೆಣ್ಣೆ ವಾಸನೆ. "ಹಂಚಿಗೆ ಎಣ್ಣಿ ಯಾಕ ಹಚ್ಚಿದ್ರಿ? ಇದು ದ್ವಾಶಿ ಹಂಚೇನ?" ಅಂದಳು. ಅದೇ ಕಬ್ಬಿಣ, ಆದರೆ ಒಂದು ಎಣ್ಣೆ ಕುಡಿದು ಪಳಗಿದ್ದು, ಇನ್ನೊಂದು ಒಣಗಿ ಪಳಗಿದ್ದು. ಆವತ್ತು ನನಗೆ ಅಮ್ಮನ ಮಾತು ಪೂರ್ತಿ ಅರ್ಥವಾಯಿತು. ಚಪಾತಿಯಲ್ಲಿ ತಪ್ಪಿಲ್ಲ. ಒಂದು ಕಾವಲಿಗೆ ಎರಡು ಕೆಲಸ ಕೊಟ್ಟರೆ ಎರಡಕ್ಕೂ ಪಳಗುವುದಿಲ್ಲ.

ನಾವು ಸುಮ್ನೆ ಕಬ್ಬಿಣ ಅಂತೀವಿ, ಅದರಲ್ಲೂ ಎರಡು ಬಗೆ ಇದೆ. ತಗಡು ಬಡಿದು ಮಾಡಿದ್ದು ಒಂದು, ಕರಗಿಸಿ ಎರಕ ಹೊಯ್ದಿದ್ದು ಇನ್ನೊಂದು. ಎರಕದ್ದಕ್ಕೆ ಬೀಡು ಅಂತಾರೆ. ಅಮ್ಮನ ಕಾವಲಿ ಬೀಡಿನದ್ದು. ಈ ವ್ಯತ್ಯಾಸ ನನಗೆ ಹೇಳಿಕೊಟ್ಟಿದ್ದು ನಮ್ಮ ಸೋದರಮಾವ. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. 1923ರಲ್ಲಿ ಶುರುವಾದ ಕಾರ್ಖಾನೆ ಅದು, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆ ಸುಟ್ಟ ಇದ್ದಿಲು, ಎರಡೂ ಸೇರಿ ಅಲ್ಲಿ ಬೀಡು ಕಬ್ಬಿಣ ಹರಿಯುತ್ತಿತ್ತು. ಮಾವ ಹೇಳುತ್ತಿದ್ದರು, ಶುದ್ಧ ಕಬ್ಬಿಣ ಕರಗಬೇಕಾದರೆ 1538 ಡಿಗ್ರಿ ಬೇಕು, ಅದರಲ್ಲಿ ನೂರಕ್ಕೆ ಮೂರ್ನಾಲ್ಕು ಪಾಲು ಇಂಗಾಲ ಸೇರಿದರೆ 1200 ಡಿಗ್ರಿಯ ಆಸುಪಾಸಿನಲ್ಲೇ ನೀರಿನ ಹಾಗೆ ಹರಿಯುತ್ತದೆ, ಅದಕ್ಕೇ ಮರಳಿನ ಅಚ್ಚಿಗೆ ಹೊಯ್ಯಲು ಸುಲಭ ಅಂತ. ಆದರೆ ಅದೇ ಇಂಗಾಲ ಒಳಗೆ ಸಣ್ಣ ಸಣ್ಣ ಹಾಳೆಗಳ ಹಾಗೆ ಹರಡಿಕೊಂಡಿರುತ್ತದೆ. ಪೆಟ್ಟು ಬಿದ್ದರೆ ಬಿರುಕು ಅದರಗುಂಟ ಓಡುತ್ತದೆ. "ತಗಡು ಬಗ್ಗುತ್ತೆ, ಬೀಡು ಒಡೆಯುತ್ತೆ" ಅನ್ನುತ್ತಿದ್ದರು.

ಅದನ್ನು ಕಣ್ಣಾರೆ ನೋಡುವ ದಿನವೂ ಬಂತು. ಪಡ್ಡು ಮಾಡುವುದಕ್ಕೆ ಅಂತ ಬೀಡಿನ ಗುಳಿ ಹಂಚು ತಂದಿದ್ದೆವು. ಒಂದು ಸಂಜೆ ಪಡ್ಡು ಮುಗಿಸಿ, ಇನ್ನೂ ಬಿಸಿ ಇದ್ದ ಹಂಚನ್ನು ಸಿಂಕಿಗೆ ಇಟ್ಟು ನಲ್ಲಿ ಬಿಟ್ಟೆ. ಟಣ್ ಅಂತ ಒಂದೇ ಸದ್ದು. ಜೋರಾಗೇನೂ ಇರಲಿಲ್ಲ. ನೋಡಿದರೆ ನಡುವಿನ ಗುಳಿಯಿಂದ ಅಂಚಿನ ತನಕ ಕೂದಲೆಳೆಯಷ್ಟು ಬಿರುಕು. ತಣ್ಣೀರು ಬಿದ್ದ ಕಡೆ ಥಟ್ಟನೆ ಕುಗ್ಗಿದೆ, ಉಳಿದ ಕಡೆ ಇನ್ನೂ ಹಿಗ್ಗಿದೆ, ಬೀಡು ತಡೆಯಲಿಲ್ಲ. ಆ ಹಂಚನ್ನು ಇನ್ನೂ ಬಿಸಾಡಿಲ್ಲ, ಬಾಲ್ಕನಿಯಲ್ಲಿ ಹಕ್ಕಿಗಳಿಗೆ ಕಾಳು ಹಾಕುತ್ತೇವೆ. ಕಾವಲಿ ತೊಳೆಯುವುದಾದರೆ ಕೈ ತಾಗಿಸುವಷ್ಟು ತಣಿಯಲಿ, ನೀರು ಉಗುರು ಬೆಚ್ಚಗಿರಲಿ.

ತೊಳೆಯುವ ಮಾತು ಬಂತಲ್ಲ. ಊರಿನಲ್ಲಿ ಕಾವಲಿಯನ್ನು ಮುಸುರೆಗೆ ಹಾಕುತ್ತಿರಲಿಲ್ಲ. ಉಳಿದ ಪಾತ್ರೆಯೆಲ್ಲ ಬಚ್ಚಲ ಕಟ್ಟೆಗೆ ಹೋದರೆ ಕಾವಲಿ ಮಾತ್ರ ಒಲೆ ಹತ್ತಿರವೇ. ಬಟ್ಟೆಯಲ್ಲಿ ಒರೆಸಿ ಮೊಳೆಗೆ ಹಾಕುವುದು. ಮುಸುರೆ ತಿಕ್ಕುತ್ತಿದ್ದುದು ಒಲೆಯ ಬೂದಿಯಲ್ಲಿ, ತೆಂಗಿನ ನಾರಿನಲ್ಲಿ. ಬೂದಿ ಕ್ಷಾರ. ಕ್ಷಾರ ಎಣ್ಣೆಯನ್ನು ಸೋಪು ಮಾಡಿ ಕರಗಿಸಿಬಿಡುತ್ತದೆ, ಪಳಗಿದ ಪೊರೆಯನ್ನೂ ಬಿಡುವುದಿಲ್ಲ. ಹಾಗಾಗಿ ಆ ನಿಯಮ ಆ ಕಾಲಕ್ಕೆ ಪೂರ್ತಿ ಸರಿ. ಈಗಿನ ಪಾತ್ರೆ ತೊಳೆಯುವ ಲಿಕ್ವಿಡ್ ಅಷ್ಟು ಖಾರವಾದ ಕ್ಷಾರ ಅಲ್ಲ. ಒಂದು ಹನಿ ಹಾಕಿ ಮೆತ್ತನೆ ಸ್ಪಂಜಿನಲ್ಲಿ ಉಜ್ಜಿದರೆ ಕಾವಲಿಗೆ ಏನೂ ಆಗುವುದಿಲ್ಲ. ಮೀನು ಹುರಿದ ಬಾಣಲೆಯನ್ನು ನಾನು ಸೋಪಿನಲ್ಲೇ ತೊಳೆಯುತ್ತೇನೆ. ಕೆಡಿಸುವುದು ಸೋಪಲ್ಲ, ತಂತಿ ಬ್ರಷ್ಷು ಮತ್ತು ನೀರಿನಲ್ಲಿ ನೆನೆಹಾಕುವುದು. ರಾತ್ರಿ ಸಿಂಕಿನಲ್ಲಿ ಬಿಟ್ಟರೆ ಬೆಳಗ್ಗೆ ಕಿತ್ತಳೆ ಬಣ್ಣದ ತುಕ್ಕು ಗ್ಯಾರಂಟಿ.

ಆ ಮೊಳೆಯ ಬಗ್ಗೆ ನಾನು ಯೋಚನೆ ಮಾಡಿದ್ದು ಬೆಂಗಳೂರಿಗೆ ಬಂದ ಮೇಲೆ. ನಮ್ಮದು ಆಗುಂಬೆಗೆ ದೂರವಲ್ಲದ ಊರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಆಷಾಢದಲ್ಲಿ ನಮ್ಮ ಮನೆಯಲ್ಲಿ ಉಪ್ಪು ನೀರಾಗುತ್ತಿತ್ತು, ಚಪ್ಪಲಿಗೆ ಬೂಷ್ಟು, ಬಟ್ಟೆ ವಾರವಾದರೂ ಒಣಗುತ್ತಿರಲಿಲ್ಲ. ಆ ಮನೆಯಲ್ಲಿ ಕಾವಲಿಗೆ ತುಕ್ಕು ಹಿಡಿದಿದ್ದು ನೋಡಿಲ್ಲ. ಯಾಕೆಂದರೆ ಮೊಳೆ ಇದ್ದಿದ್ದು ಒಲೆಯ ಮೇಲೆ. ಹಗಲಿಡೀ ಅದಕ್ಕೆ ಕಾವು, ಹೊಗೆ. ಕೆಳಗೆ ಬೆಂಕಿ ಉರಿಯುವಾಗ ಅದು ಸುಮ್ನೆ ಅಲ್ಲಿ ನೇತಾಡುತ್ತಾ ಒಣಗುತ್ತಿತ್ತು. ಮೊದಲ ವರ್ಷ ನಾನು ಅದನ್ನು ಸಿಂಕಿನ ಕೆಳಗಿನ ಕಪಾಟಿನಲ್ಲಿ, ಕುಕ್ಕರಿನ ಅಡಿಗೆ ಇಟ್ಟೆ. ಬೆಂಗಳೂರಿನ ಒಣ ಹವೆಯಲ್ಲೂ ತುಕ್ಕು ಬಂತು. ಈಗ ತೊಳೆದ ತಕ್ಷಣ ಸಣ್ಣ ಉರಿಯಲ್ಲಿ ಎರಡು ನಿಮಿಷ ಕಾಯಿಸಿ, ನಾಲ್ಕು ಹನಿ ಎಣ್ಣೆ ಸವರಿ, ಒರೆಸಿ, ಗೋಡೆಗೆ ತಗುಲಿಸುತ್ತೇನೆ. ತುಕ್ಕು ಬಂದರೂ ಹೆದರಬೇಕಿಲ್ಲ. ಹುಣಸೆಹಣ್ಣಿನ ರಸ ಸವರಿ, ಐದು ಹತ್ತು ನಿಮಿಷಕ್ಕೆ ಉಜ್ಜಿ ತೊಳೆದು, ಮತ್ತೆ ಒಣಗಿಸಿ ಎಣ್ಣೆ. ಹುಳಿಯಲ್ಲಿ ಜಾಸ್ತಿ ಹೊತ್ತು ಬಿಡಬೇಡಿ, ಅದು ತುಕ್ಕು ತಿಂದು ಮುಗಿಸಿ ಕಬ್ಬಿಣಕ್ಕೆ ಬಾಯಿ ಹಾಕುತ್ತದೆ.

ಹುಳಿ ಅಂದ ಮೇಲೆ ಅಡುಗೆಯ ಕಥೆ ಹೇಳಲೇಬೇಕು. ಕಬ್ಬಿಣದ ಬಾಣಲೆಯಲ್ಲಿ ನಾನು ಬೆಂಡೆಕಾಯಿ ಪಲ್ಯ ಮಾಡುತ್ತೇನೆ, ಆಲೂಗಡ್ಡೆ ಹುರಿಯುತ್ತೇನೆ, ಒಗ್ಗರಣೆ ಹಾಕುತ್ತೇನೆ. ಟೊಮೆಟೊ ಗೊಜ್ಜು, ಹುಳಿ, ಸಾರು ಮಾಡುವುದಿಲ್ಲ. ಹುಳಿ ಪೊರೆಯನ್ನೂ ಸಡಿಲಿಸುತ್ತದೆ, ಕಬ್ಬಿಣವನ್ನೂ ಕರಗಿಸಿಕೊಳ್ಳುತ್ತದೆ, ಬಾಯಿಗೆ ಒಂಥರಾ ನಾಣ್ಯ ನೆಕ್ಕಿದ ರುಚಿ. ಬಾಳೆಕಾಯಿ ಮತ್ತು ಬಾಳೆಹೂವಿನ ಪಲ್ಯ ಹೊಸ ಬಾಣಲೆಯಲ್ಲಿ ಮಾಡಿದರೆ ಮಸಿ ಹಾಗೆ ಕಪ್ಪು. ಮಸಿ ಅಂತ ಸುಮ್ನೆ ಹೇಳಿದ್ದಲ್ಲ. ಅಳಲೆಕಾಯಿಯ ಒಗರಿಗೆ ಅನ್ನಭೇದಿ ಸೇರಿಸಿ ಹಿಂದೆ ಬರೆಯುವ ಮಸಿ ಮಾಡುತ್ತಿದ್ದರು. ಅನ್ನಭೇದಿ ಅಂದರೆ ಕಬ್ಬಿಣದ ಲವಣ. ಬಾಳೆಕಾಯಿಯಲ್ಲೂ ಒಗರು ಇದೆ, ಬಾಣಲೆಯಲ್ಲಿ ಕಬ್ಬಿಣ ಇದೆ. ಪಲ್ಯದಲ್ಲಿ ಮಸಿ ತಯಾರಾಗುತ್ತದೆ. ತಿಂದರೆ ತೊಂದರೆ ಇಲ್ಲ, ಆದರೆ ಮಕ್ಕಳು ಮುಟ್ಟುವುದಿಲ್ಲ.

ಸಾರಿನ ಪುಡಿಗೆ ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ ಹುರಿಯೋಕೆ ಬೀಡಿನ ಬಾಣಲೆಗಿಂತ ಒಳ್ಳೆಯದಿಲ್ಲ ಅಂತ ನನ್ನ ಲೆಕ್ಕ. ಒಂದೇ ಒಂದು ಎಚ್ಚರ ಬೇಕು. ಅಲ್ಯೂಮಿನಿಯಂ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಬೀಡು ನಿಧಾನಕ್ಕೆ ಕಾಯುತ್ತದೆ, ಕಾದ ಮೇಲೆ ಬಿಡುವುದಿಲ್ಲ. ಒಲೆ ಆರಿಸಿದರೂ ಐದು ನಿಮಿಷ ಹುರಿಯುತ್ತಲೇ ಇರುತ್ತದೆ. ಮೆಂತ್ಯ ಕೆಂಪಾಯಿತು ಅಂತ ಆರಿಸಿ ಫೋನ್ ಎತ್ತಿಕೊಂಡರೆ ಬರುವಷ್ಟರಲ್ಲಿ ಕಹಿಯಾಗಿರುತ್ತದೆ. ಆರಿಸಿದ ಕೂಡಲೇ ತಟ್ಟೆಗೆ ಸುರಿಯಿರಿ.

ಕಬ್ಬಿಣದ ಪಾತ್ರೆಯಲ್ಲಿ ಮಾಡಿದರೆ ರಕ್ತ ಹೆಚ್ಚಾಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಅಡುಗೆಗೆ ಕಬ್ಬಿಣದ ಅಂಶ ಇಳಿಯುವುದು ನಿಜ. ಹುಳಿ ಇದ್ದಷ್ಟೂ, ಬೇಯುವ ಹೊತ್ತು ಹೆಚ್ಚಿದಷ್ಟೂ ಜಾಸ್ತಿ. ಚೆನ್ನಾಗಿ ಪಳಗಿದ ಪಾತ್ರೆಯಿಂದ, ಎರಡು ನಿಮಿಷ ಬೇಯುವ ದೋಸೆಗೆ ಕಮ್ಮಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಅಷ್ಟು ದೊಡ್ಡ ತೊಂದರೆಗೆ ಕಾವಲಿ ಮದ್ದು ಅಂತ ನಾನು ಹೇಳಲಾರೆ. ನನ್ನ ತಂಗಿಗೆ ಹಿಮೋಗ್ಲೋಬಿನ್ ಇಳಿದಾಗ ಅವಳು ಡಾಕ್ಟರು ಕೊಟ್ಟ ಮಾತ್ರೆ ತೆಗೆದುಕೊಂಡಳು. ದೋಸೆಯನ್ನೂ ತಿಂದಳು.

ಕಾವಲಿ ಎಷ್ಟು ಕಾಯಬೇಕು ಅನ್ನುವುದು ನನಗೆ ಇನ್ನೂ ಪೂರ್ತಿ ಕೈವಶವಾಗಿಲ್ಲ. ಅಮ್ಮ ಬೆರಳಲ್ಲಿ ನೀರು ಚಿಮುಕಿಸಿ ನೋಡುತ್ತಾಳೆ. ಹನಿ ಬಿದ್ದು ಸುಮ್ನೆ ಕೂತು ಗುಳ್ಳೆ ಬಂದರೆ ಇನ್ನೂ ಕಾದಿಲ್ಲ. ಚುಯ್ ಅಂದು ಮಾಯವಾದರೆ ಸರಿ. ಹನಿ ಉಂಡೆಯಾಗಿ, ಪಾದರಸದ ಹಾಗೆ ಕಾವಲಿ ತುಂಬ ಓಡಾಡಿದರೆ ಜಾಸ್ತಿ ಆಯಿತು. ಸುಮಾರು 200 ಡಿಗ್ರಿ ಮುಟ್ಟಿದ ಮೇಲೆ ಹನಿಯ ಅಡಿಯಲ್ಲಿ ಆವಿಯ ಪದರ ಎದ್ದು ಅದನ್ನು ಎತ್ತಿ ಹಿಡಿಯುತ್ತದೆ. ಮಸಾಲೆ ದೋಸೆ ಹಿಟ್ಟನ್ನು ಅಷ್ಟು ಬಿಸಿಗೆ ಹಾಕಿದರೆ ಸೌಟಿಗೇ ಸುತ್ತಿಕೊಂಡು ಬರುತ್ತದೆ, ಹರಡುವುದೇ ಇಲ್ಲ. ಬೆಂಗಳೂರಿನ ದರ್ಶಿನಿಗಳಲ್ಲಿ ದೋಸೆ ಭಟ್ಟರು ದೊಡ್ಡ ಕಾವಲಿಗೆ ನೀರು ಎರಚಿ ಪೊರಕೆಯಲ್ಲಿ ಸರ್ರನೆ ಎಳೆಯುವುದು ಇದಕ್ಕೇ. ಒಂದೇ ಏಟಿಗೆ ಬಿಸಿ ಇಳಿಯುತ್ತದೆ, ಕಸ ಹೋಗುತ್ತದೆ. ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಸೌದೆ ಒಲೆ. ಉರಿ ಏರಿಳಿಯುತ್ತಲೇ ಇರುತ್ತದೆ, ಆದರೂ ಒಂದೇ ಹದದ ದೋಸೆ ಬರುತ್ತದೆ. ದಪ್ಪ ಕಾವಲಿಯ ಉಪಕಾರ ಅದು. ನೀರುದೋಸೆಗೆ ಮಾತ್ರ ಲೆಕ್ಕ ಬೇರೆ. ಮಜ್ಜಿಗೆಯಷ್ಟು ತೆಳು ಹಿಟ್ಟು, ಹರಡುವಂತಿಲ್ಲ, ಅಂಚಿನಿಂದ ನಡುವಿಗೆ ಎರಚಬೇಕು. ಕಾವಲಿ ಚೆನ್ನಾಗಿ ಕಾದಿರಬೇಕು. ಹಿಟ್ಟು ಬಿದ್ದ ಕಡೆಯೆಲ್ಲ ಚುಯ್ ಅಂದು ಕಣ್ಣು ಕಣ್ಣು ಬಿಡಬೇಕು. ಆ ಕಣ್ಣು ಬರದ ನೀರುದೋಸೆ ನಾಲಿಗೆಗೆ ಅಂಟುತ್ತದೆ.

ನಾನ್‌ಸ್ಟಿಕ್ ಬೇಡ ಅಂತ ಯಾರಿಗೂ ಹೇಳುವುದಿಲ್ಲ. ಹದ ಉರಿಯಲ್ಲಿ, ಖಾಲಿ ಕಾಯಿಸದೆ ಬಳಸಿದರೆ ಅದು ತನ್ನ ಕೆಲಸ ಮಾಡುತ್ತದೆ. ನನಗೆ ಬೇಸರವಾಗುವುದು ಒಂದೇ ಕಾರಣಕ್ಕೆ. ಅದು ಕೊಂಡ ದಿನ ಅತಿ ಚೆನ್ನಾಗಿರುತ್ತದೆ, ಅಲ್ಲಿಂದ ದಿನಾ ಇಳಿಯುತ್ತದೆ. ಬೀಡು ಮೊದಲ ದಿನ ಅಳಿಸುತ್ತದೆ, ಅಲ್ಲಿಂದ ಏರುತ್ತದೆ. ಇದನ್ನು ಅನುಭವಿಸಲು ನಲವತ್ತು ದಿನದ ಪುರುಸೊತ್ತು ಬೇಕು. ಕೈಯಲ್ಲಿ ಬಲವೂ ಬೇಕು.

ಬಲದ ಮಾತನ್ನು ಕಬ್ಬಿಣದ ಪಾತ್ರೆ ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮೂರೂವರೆ ಕಿಲೋ ಹತ್ತಿರದ ಒಂದು ಸಾಮಾನನ್ನು ದಿನಾ ಎತ್ತಿ ಇಳಿಸಿ ನಲವತ್ತು ವರ್ಷ ದೋಸೆ ಹೊಯ್ದ ಮಣಿಕಟ್ಟು ಅಮ್ಮನದ್ದು. ನೋವು ಅದರಿಂದಲೇ ಬಂತಾ, ವಯಸ್ಸಿನಿಂದ ಬಂತಾ, ಡಾಕ್ಟರು ಎರಡೂ ಇರಬಹುದು ಅಂದರು. ಕಾವಲಿ ನನ್ನ ಹತ್ತಿರ ಬಂದ ಮೇಲೆ ಅಮ್ಮ ನೀರುದೋಸೆ ಮಾಡುವುದನ್ನೇ ಬಿಟ್ಟಿದ್ದಳು. ನನಗೆ ಅದು ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ. ತಿಂಡಿಗೆ ಏನು ಮಾಡಿದೆ ಅಂತ ಕೇಳಿದರೆ ಉಪ್ಪಿಟ್ಟು, ಅವಲಕ್ಕಿ, ಕಡುಬು ಅನ್ನುತ್ತಿದ್ದಳು. ದೋಸೆ ಬರುತ್ತಲೇ ಇರಲಿಲ್ಲ. ನಾನು ಇಲ್ಲಿ ನನ್ನ ಎರಡನೇ ದೋಸೆ ಎದ್ದ ಸುದ್ದಿ ಸಂಭ್ರಮದಿಂದ ಹೇಳುತ್ತಿದ್ದೆ. ಅವಳು "ಹೌದಾ, ಒಳ್ಳೇದಾಯ್ತು" ಅನ್ನುತ್ತಿದ್ದಳು. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಈ ಸಲ ಯುಗಾದಿಗೆ ಹೋಗುವಾಗ ಅವಳಿಗೆ ಒಂದು ಹೊಸ ಕಾವಲಿ ತೆಗೆದುಕೊಂಡು ಹೋದೆ. ಬೀಡಿನದ್ದಲ್ಲ, ತಗಡಿನದ್ದು. ಒಂದು ಕಿಲೋ ನೂರು ಗ್ರಾಂ. ಅದನ್ನೂ ಅದೇ ಅಂಗಡಿಯಲ್ಲಿ ತೂಗಿಸಿದೆ. ಅಮ್ಮ ಒಂದೇ ಕೈಯಲ್ಲಿ ಎತ್ತಿ, ತಿರುಗಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. ಉಗುರಿನಲ್ಲಿ ಒಂದು ಸಲ ಗೀರಿದಳು. "ತೆಳು ಆಯ್ತು. ಬೇಗ ಕಾಯುತ್ತೆ, ಬೇಗ ಸೀಯುತ್ತೆ" ಅಂದಳು. ಆಮೇಲೆ ಸುಮ್ಮನೆ ಎದ್ದು ಹೋಗಿ ಸೋಪು ಹಾಕಿ ತಿಕ್ಕಿ, ಬೆಳಗಿನ ಗಂಜಿತಿಳಿ ತುಂಬಿ, ಕಟ್ಟೆ ಮೇಲೆ ಇಟ್ಟಳು. ಹಳೇ ಮೊಳೆ ಹಾಗೇ ಇದೆ. ಅದರ ಕೆಳಗೆ ಗೋಡೆಯ ಮೇಲೆ ದುಂಡಗೆ ಒಂದು ಗುರುತು, ಸುತ್ತಲೂ ಹೊಗೆಯ ಕಪ್ಪು, ಕಾವಲಿ ಮರೆ ಮಾಡಿದಷ್ಟು ಜಾಗ ಮಾತ್ರ ಬಿಳಿ. ಹೊಸ ಕಾವಲಿ ಆ ಗುರುತಿಗಿಂತ ಎರಡು ಬೆರಳು ಸಣ್ಣದು.

ಯುಗಾದಿ ಮುಗಿಸಿ ನಾನು ವಾಪಸ್ ಬಂದೆ. ಈಗ ದಿನಾ ಬೆಳಗ್ಗೆ ಎಂಟು ಗಂಟೆ ಹೊತ್ತಿಗೆ ಅಮ್ಮನ ಫೋನ್ ಬರುತ್ತದೆ. ನಮ್ಮ ಮನೆಯಲ್ಲಿ ಈಗ ದನ ಇಲ್ಲ. ಹರಿದ ದೋಸೆಯೆಲ್ಲ ಪಕ್ಕದ ಮನೆಯ ಗೌರಿಗೆ ಹೋಗುತ್ತದೆ. ಮೊದಲ ದಿನ ಎಂಟೂ ಅದಕ್ಕೇ ಹೋಯಿತಂತೆ. ಆಮೇಲೆ ಆರು. ಒಂದು ದಿನ ಮತ್ತೆ ಏಳು, ಉರಿ ಜಾಸ್ತಿ ಆಗಿತ್ತಂತೆ. ಇವತ್ತು ನಾನು ಆಫೀಸಿಗೆ ಹೊರಡುತ್ತಿದ್ದೆ, ಫೋನ್ ಬಂತು. ಹಲೋ ಅನ್ನುವ ಮೊದಲೇ ಶುರುಮಾಡಿದಳು.

"ಗೌರಿಗೆ ಇವತ್ತು ಎರಡೇ ಸಿಕ್ಕಿದ್ದು. ಬೇಲಿ ಹತ್ರ ನಿಂತು ಕೂಗ್ತಾ ಇದೆ ನೋಡು, ಕೇಳ್ತಾ?"